ಡಬ್ಬಿ ಬೇರೆ, ಡಿಸ್ಕ್ ಬೇರೆ

ಲ್ಯಾಪ್‌ಟಾಪ್ ನಿಧಾನವಾಯಿತೆಂದು ಎಸ್‌ಎಸ್‌ಡಿ ಹಾಕಿಸಿಕೊಂಡವರ ಮನೆಯಲ್ಲಿ, ತೆಗೆದಿಟ್ಟ ಹಳೆಯ ಹಾರ್ಡ್ ಡಿಸ್ಕ್ ಯಾವುದೋ ಡ್ರಾಯರಿನ ಮೂಲೆಯಲ್ಲಿ ಬಿದ್ದಿರುತ್ತದೆ. ಎರಡೂವರೆ ಇಂಚಿನ ಆ ಡಿಸ್ಕಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಒಂದು ಯುಎಸ್‌ಬಿ 3.0 ಕೇಸ್ ಸಾಕು. ಮುಚ್ಚಳ ಸರಿಸಿ, ಡಿಸ್ಕನ್ನು ಸಾಟಾ ಕನೆಕ್ಟರಿಗೆ ಒತ್ತಿ, ಮತ್ತೆ ಮುಚ್ಚಿದರೆ ಎಕ್ಸ್‌ಟರ್ನಲ್ ಡ್ರೈವ್ ಸಿದ್ಧ. ಡಿಸ್ಕ್ ಆರೋಗ್ಯವಾಗಿದ್ದರೆ ಇಂಥವರು ಹೊಸದನ್ನು ಕೊಳ್ಳುವ ಮಾತೇ ಬೇಡ.

ಯೋಚಿಸಬೇಕಾದದ್ದು ಎಲ್ಲವನ್ನೂ ಹೊಸದಾಗಿ ತರುವಾಗ. ಬಿಡಿ ಡಿಸ್ಕ್, ಬಿಡಿ ಕೇಸ್ ತಂದು ಜೋಡಿಸಿದರೆ ಹಣ ಉಳಿಯುತ್ತದೆಂಬ ನಂಬಿಕೆ ಹಲವರಿಗಿದೆ. ತಿರುಗುವ ಡಿಸ್ಕಿನ ವಿಷಯದಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗು: ಅಂಗಡಿಯ ಸಿದ್ಧ ಪೋರ್ಟಬಲ್ಲೇ ಅಗ್ಗ. ನಾಲ್ಕೈದು ಟಿಬಿ ಜೇಬಿಗೆ ಬೇಕೆನ್ನುವವರಿಗಂತೂ ಬೇರೆ ದಾರಿಯಿಲ್ಲ. ಆ ಡಿಸ್ಕುಗಳು 15 ಮಿಲಿಮೀಟರ್ ದಪ್ಪ. ಅಂಗಡಿಯ ಬಹುಪಾಲು ಕೇಸ್‌ಗಳಲ್ಲಿ ಜಾಗವಿರುವುದು 9.5 ಮಿಲಿಮೀಟರಿಗೆ.

ಆದರೂ ನಾನು ಬೆಲೆಗಿಂತ ಮೊದಲು ಕೇಳುವುದು ಬೇರೆಯೇ: ಡಬ್ಬಿ ಕೆಟ್ಟ ದಿನ ಡಿಸ್ಕ್ ಹೊರಗೆ ಬರುತ್ತದೆಯೇ?

ಪೋರ್ಟಬಲ್ ಡ್ರೈವ್‌ಗಳಲ್ಲಿ ಮೊದಲು ಸಡಿಲಾಗುವುದು ಹೆಚ್ಚಾಗಿ ಕೇಬಲ್ ಚುಚ್ಚುವ ಆ ಅಗಲವಾದ, ತೆಳ್ಳನೆಯ ಸಾಕೆಟ್. ಒಳಗಿನ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಕೇಸ್ ಬೇರೆಯಾಗಿದ್ದರೆ ಹತ್ತು ನಿಮಿಷದ ಕೆಲಸ, ಹೊಸ ಕೇಸಿಗೆ ವರ್ಗಾಯಿಸಿದರಾಯಿತು. ವೆಸ್ಟರ್ನ್ ಡಿಜಿಟಲ್‌ನ ಅನೇಕ ಪೋರ್ಟಬಲ್‌ಗಳಲ್ಲಿ ಹಾಗಾಗದು. ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಸಾಟಾ ಕನೆಕ್ಟರೇ ಇರುವುದಿಲ್ಲ. ಮೈ ಪಾಸ್‌ಪೋರ್ಟ್ ಸಾಲಿನ ಹಲವು ಮಾದರಿಗಳಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ಬೋರ್ಡಿನ ಚಿಪ್ ಎಲ್ಲವನ್ನೂ ಗೂಢಲಿಪಿಯಲ್ಲೇ ಬರೆಯುತ್ತದೆ. ಆ ಬೋರ್ಡು ಸುಟ್ಟರೆ ಡಿಸ್ಕಿನ ಮೇಲಿರುವುದು ಓದಲಾಗದ ಬರಹ. ಸೀಗೇಟ್‌ನ ಪೋರ್ಟಬಲ್‌ಗಳಲ್ಲಿ ಹೆಚ್ಚಾಗಿ ಮಾಮೂಲಿ ಸಾಟಾ ಡಿಸ್ಕ್, ಅದರ ತುದಿಗೊಂದು ಪುಟ್ಟ ಬೋರ್ಡು. ಮದುವೆ ಆಲ್ಬಂಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾದ ಫೋಟೋಗ್ರಾಫರುಗಳಿಗೆ ಈ ವ್ಯತ್ಯಾಸ ದೊಡ್ಡದು, ಮತ್ತು ಡಬ್ಬಿಯ ಮೇಲೆ ಎಲ್ಲೂ ಅದು ಅಚ್ಚಾಗಿರುವುದಿಲ್ಲ.

ಇನ್ನೊಂದು ಸಂಗತಿಯೂ ಹಾಗೆಯೇ ಮುಚ್ಚಿಕೊಂಡಿರುತ್ತದೆ. ಒಂದು ಟಿಬಿಗಿಂತ ದೊಡ್ಡ ಎರಡೂವರೆ ಇಂಚಿನ ಡಿಸ್ಕುಗಳು ಇವತ್ತು ಬಹುತೇಕ ಎಸ್‌ಎಂಆರ್ ಬಗೆಯವು. ಜಾಗ ಉಳಿಸಲು ಬರಹದ ಪಟ್ಟಿಗಳನ್ನು ಮನೆಯ ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸಿರುತ್ತಾರೆ. ನಡುವಿನ ಒಂದನ್ನು ಬದಲಿಸಬೇಕಾದರೆ ಅದರ ಮೇಲೆ ಚಾಚಿಕೊಂಡವನ್ನೂ ಎತ್ತಿ ಮತ್ತೆ ಹೊದಿಸಬೇಕು. ಹಾಗಾಗಿ ಮೊದಲ ಕೆಲವು ಜಿಬಿ ಸರಾಗವಾಗಿ ಇಳಿಯುತ್ತವೆ, ನೂರಾರು ಜಿಬಿ ಒಮ್ಮೆಗೇ ಸುರಿದಾಗ ವೇಗ ಕುಸಿಯುತ್ತದೆ. ಬಿಡಿಯಾಗಿ ಕೊಂಡರೂ ಈ ಗಾತ್ರದಲ್ಲಿ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ತಪ್ಪಿಸಿಕೊಳ್ಳಬೇಕಾದರೆ ಮೂರೂವರೆ ಇಂಚಿಗೆ ಹೋಗಬೇಕು, ಮತ್ತು ಜೋಡಿಸಿಕೊಳ್ಳುವುದಕ್ಕೆ ನಿಜವಾದ ಅರ್ಥ ಬರುವುದು ಅಲ್ಲಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ ಕೆಲವು ಡಿಸ್ಕುಗಳಲ್ಲಿ ಗ್ರಾಹಕರಿಗೆ ಹೇಳದೆ ಎಸ್‌ಎಂಆರ್ ಬಳಸಿದ್ದು ಹೊರಬಿದ್ದು ದೊಡ್ಡ ಗಲಾಟೆಯಾಯಿತು; ಆಮೇಲೆ ಹಳೆಯ ಬಗೆಯ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂದು ಹೆಸರಿಟ್ಟರು. ಬಿಡಿ ಡಿಸ್ಕ್ ಕೊಳ್ಳುವವನು ಹೀಗೆ ಹೆಸರು ಹಿಡಿದು ಕೇಳಬಹುದು. ಮುಚ್ಚಿದ ಡಬ್ಬಿ ಕೊಳ್ಳುವವನಿಗೆ ಆ ಹಕ್ಕಿಲ್ಲ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಬೇಕು, ಜೇಬಿಗೆ ಹಿಡಿಯುವುದಿಲ್ಲ, ಮೇಜು ಬಿಟ್ಟು ಕದಲುವುದಿಲ್ಲ. ಮನೆಯ ಬ್ಯಾಕಪ್ಪಿಗೆ ಮೇಜೇ ಸರಿಯಾದ ಜಾಗ.

ಎಸ್‌ಎಸ್‌ಡಿಯಾದರೆ ನನ್ನ ಮಟ್ಟಿಗೆ ಅನುಮಾನವೇ ಇಲ್ಲ, ಜೋಡಿಸಿಕೊಳ್ಳಿ. ಪೋರ್ಟಬಲ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120–140 ಎಂಬಿ ಓದಿದರೆ, 10 ಗಿಗಾಬಿಟ್‌ನ ಕೇಸಿನಲ್ಲಿ ಕೂತ ಎನ್‌ವಿಎಂಇ ಡ್ರೈವ್ 1000 ಎಂಬಿಯ ಆಸುಪಾಸು ಓದುತ್ತದೆ. ಲ್ಯಾಪ್‌ಟಾಪಿನ ಪೋರ್ಟಿಗೂ ಆ ವೇಗ ಇರಬೇಕಷ್ಟೆ. ಕೇಸ್ ಕೊಳ್ಳುವಾಗ ಬ್ರ್ಯಾಂಡಿಗಿಂತ ಒಳಗಿನ ಚಿಪ್ ಯಾವುದೆಂದು ಕೇಳಿ. ರಿಯಲ್‌ಟೆಕ್‌ನ ಆರ್‌ಟಿಎಲ್9210ಬಿ ಆದರೆ ಎನ್‌ವಿಎಂಇ, ಸಾಟಾ ಎರಡೂ ಬಗೆಯ ಎಂ.2 ಡ್ರೈವ್ ನಡೆಯುತ್ತದೆ. ಎಎಸ್‌ಮೀಡಿಯಾದ ಎಎಸ್‌ಎಂ2362 ಎನ್‌ವಿಎಂಇಗೆ ಮಾತ್ರ. ಈ ಡ್ರೈವ್‌ಗಳು ಚೆನ್ನಾಗಿ ಕಾಯುತ್ತವೆ, ಅದಕ್ಕೆ ಅಲ್ಯೂಮಿನಿಯಂ ಮೈಯ ಕೇಸನ್ನೇ ತೆಗೆದುಕೊಳ್ಳಿ, ಜೊತೆಗೆ ಕೊಡುವ ಥರ್ಮಲ್ ಪ್ಯಾಡನ್ನು ತಪ್ಪದೆ ಅಂಟಿಸಿ. ನಾಳೆ ಎರಡು ಟಿಬಿ ಬೇಕೆನಿಸಿದರೆ ಡ್ರೈವ್ ಮಾತ್ರ ಬದಲಾಗುತ್ತದೆ, ಹಳೆಯದು ಯಾರದೋ ಲ್ಯಾಪ್‌ಟಾಪಿಗೆ ಹೋಗುತ್ತದೆ.

ಕೊಂಡಿದ್ದಾಗಲಿ ಜೋಡಿಸಿದ್ದಾಗಲಿ, ಮೊದಲ ರಾತ್ರಿ ಅದರೊಳಗೆ ನಿಮ್ಮ ಫೋಟೋ ಹಾಕಬೇಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಸಾಧನಗಳಿವೆ; ಡ್ರೈವನ್ನು ಕೊನೆಯವರೆಗೂ ತುಂಬಿ, ತಿರುಗಿ ಓದಿ ತಾಳೆ ನೋಡುತ್ತವೆ. ಸುಳ್ಳು ಸಾಮರ್ಥ್ಯದ ಅಗ್ಗದ ಡ್ರೈವ್‌ಗಳು ಇಲ್ಲೇ ಸಿಕ್ಕಿಬೀಳುತ್ತವೆ. ಹಾರ್ಡ್ ಡಿಸ್ಕ್ ಆದರೆ ಬೆಳಿಗ್ಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು 05 ಮತ್ತು ಸಿ5 ಸಾಲುಗಳ ಕಚ್ಚಾ ಅಂಕಿ ನೋಡಿ. ಹೊಸ ಡಿಸ್ಕಿನಲ್ಲಿ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಬಿಲ್ ಹಿಡಿದು ಅವತ್ತೇ ಅಂಗಡಿಗೆ ಹೋಗಿ.