ಲೀಟರಿಗೆ ಎಷ್ಟು ಕಿಲೋಮೀಟರ್? – ಒಂದು ತಪ್ಪು ಹೋಲಿಕೆ

ವ್ಯಾನ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ 'ಮೈಲೇಜ್ ಎಷ್ಟು ಕೊಡುತ್ತೆ?' ಎಂಬುದು. ಶಾಲಾ ಮಕ್ಕಳನ್ನು ಕರೆದೊಯ್ಯುವವರಿಗೆ, ಹಾಲು-ತರಕಾರಿ ಸಾಗಿಸುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಮಾರಾಟದ ಕರಪತ್ರಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಪೆಟ್ರೋಲಿಗೆ ಇಷ್ಟು, ಡೀಸೆಲ್‌ಗೆ ಇಷ್ಟು, ಅನಿಲಕ್ಕೆ ಇಷ್ಟು. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವ ವಾಹನ ಹೆಚ್ಚು ದಕ್ಷ ಎಂದು ತೀರ್ಮಾನಿಸುವುದು ವಾಡಿಕೆ. ಆದರೆ ಈ ಹೋಲಿಕೆಯಲ್ಲಿ ಮೂಲಭೂತ ದೋಷವೊಂದಿದೆ.

ಲೀಟರ್ ಗಾತ್ರದ ಅಳತೆ. ವಾಹನವನ್ನು ಮುಂದಕ್ಕೆ ಒಯ್ಯುವುದು ಇಂಧನದ ಗಾತ್ರವಲ್ಲ, ಅದರಲ್ಲಿರುವ ಶಕ್ತಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 32 ಮೆಗಾಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಂದು ಲೀಟರ್ ಡೀಸೆಲ್‌ನಿಂದ ಸುಮಾರು 36, ದ್ರವರೂಪದ ಎಲ್‌ಪಿಜಿಯಿಂದ ಸುಮಾರು 25 ಮೆಗಾಜೂಲ್ ಮಾತ್ರ. ಇದಕ್ಕೆ ಮುಖ್ಯ ಕಾರಣ ಸಾಂದ್ರತೆ. ತೂಕದ ಲೆಕ್ಕದಲ್ಲಿ ನೋಡಿದರೆ ಎಲ್‌ಪಿಜಿಯೇ ಮುಂದು: ಒಂದು ಕಿಲೋಗ್ರಾಂಗೆ ಸುಮಾರು 46 ಮೆಗಾಜೂಲ್. ಆದರೆ ಒಂದು ಲೀಟರ್ ಎಲ್‌ಪಿಜಿಯ ತೂಕ ಅರ್ಧ ಕಿಲೋಗ್ರಾಂಗಿಂತ ತುಸು ಹೆಚ್ಚು, ಅಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 1984ರಲ್ಲಿ 'ಮಾರುತಿ ವ್ಯಾನ್' ಎಂಬ ಹೆಸರಿನಲ್ಲಿ ಬಂದು 2019ರವರೆಗೆ ತಯಾರಾದ ಓಮ್ನಿ ನಿಮಗೆ ಪರಿಚಿತ. ಅದರ 796 ಘನ ಸೆಂ.ಮೀ. ಎಂಜಿನ್ ಪೆಟ್ರೋಲ್ ಮತ್ತು ಎಲ್‌ಪಿಜಿ ಎರಡರಲ್ಲೂ ಓಡುವ ಮಾದರಿಯೂ ಇತ್ತು. ಇಂತಹ ವ್ಯಾನ್ ಲೀಟರ್ ಪೆಟ್ರೋಲಿಗೆ 15 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. ಅಂದರೆ ಪ್ರತಿ ಕಿ.ಮೀ.ಗೆ ಸುಮಾರು 2.1 ಮೆಗಾಜೂಲ್ ಖರ್ಚು. ಅದೇ ಎಂಜಿನ್ ಅಷ್ಟೇ ದಕ್ಷತೆಯಿಂದ ಎಲ್‌ಪಿಜಿಯಲ್ಲಿ ಓಡಿದರೆ ಲೀಟರಿಗೆ 12 ಕಿ.ಮೀ.ಗಿಂತ ಹೆಚ್ಚು ಸಿಗುವುದು ಸಾಧ್ಯವಿಲ್ಲ. 'ಗ್ಯಾಸ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು' ಎಂಬ ದೂರು ಇಲ್ಲಿಂದ ಹುಟ್ಟುತ್ತದೆ. ವಾಸ್ತವವಾಗಿ ಎಂಜಿನ್ ಕೆಟ್ಟಿಲ್ಲ. ಲೀಟರಿನಲ್ಲಿರುವ ಶಕ್ತಿ ಕಡಿಮೆ.

ಡೀಸೆಲ್‌ನ ಕಥೆ ಇದರ ತಿರುವುಮುರುವು. ಅದೇ ದಕ್ಷತೆಯಲ್ಲಿ ಓಡಿದರೂ ಡೀಸೆಲ್ ವ್ಯಾನ್ ಲೀಟರಿಗೆ 17 ಕಿ.ಮೀ. ಓಡುತ್ತದೆ. ಒಂದು ವೇಳೆ ಅದು 20 ಕಿ.ಮೀ. ಕೊಟ್ಟರೆ, ಹೆಚ್ಚುವರಿ ಐದರಲ್ಲಿ ಎರಡು ಇಂಧನದ ಕೊಡುಗೆ, ಮೂರು ಮಾತ್ರ ಎಂಜಿನ್ನಿನ ಸಾಧನೆ. ಈ ಮೂರು ಮಾತ್ರ ನಿಜವಾದ ಲಾಭ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹೆಚ್ಚು ಒತ್ತಿ ಸಂಕುಚಿಸುವುದರಿಂದ ಶಾಖದ ಹೆಚ್ಚಿನ ಪಾಲು ಕೆಲಸವಾಗಿ ಪರಿವರ್ತನೆಯಾಗುತ್ತದೆ.

ಹೊಗೆಯ ಲೆಕ್ಕಕ್ಕೆ ಬಂದರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಮೇಲಿನ ಅಂಕಿಗಳ ಪ್ರಕಾರ ಪ್ರತಿ ಕಿ.ಮೀ.ಗೆ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಪೆಟ್ರೋಲಿನಿಂದ ಸುಮಾರು 153 ಗ್ರಾಂ, ಡೀಸೆಲ್‌ನಿಂದ ಸುಮಾರು 132 ಗ್ರಾಂ, ಎಲ್‌ಪಿಜಿಯಿಂದ ಸುಮಾರು 135 ಗ್ರಾಂ. ಲೀಟರಿಗೆ 20 ಕಿ.ಮೀ. ಓಡುವ ವ್ಯಾನ್, 12 ಕಿ.ಮೀ. ಓಡುವ ವ್ಯಾನ್ ಇಲ್ಲಿ ಹೆಚ್ಚುಕಡಿಮೆ ಸಮ! ಇದಲ್ಲದೆ, ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ವರ್ಗೀಕರಿಸಿತು. ಮೈಲೇಜ್ ಅಂಕಿಯಲ್ಲಿ ಇದರ ಸುಳಿವೇ ಇಲ್ಲ.

ಸಿಎನ್‌ಜಿ ಬಂದ ಮೇಲೆ ಗೊಂದಲ ಮತ್ತಷ್ಟು ಹೆಚ್ಚಿದೆ. ಅದನ್ನು ಮಾರುವುದು ಕಿಲೋಗ್ರಾಂ ಲೆಕ್ಕದಲ್ಲಿ. 2022ರಲ್ಲಿ ಬಂದ ಹೊಸ ಈಕೋ ವ್ಯಾನಿಗೆ ಕಂಪನಿ ಹೇಳಿದ್ದು ಲೀಟರ್ ಪೆಟ್ರೋಲಿಗೆ ಸುಮಾರು 20 ಕಿ.ಮೀ., ಕಿಲೋಗ್ರಾಂ ಸಿಎನ್‌ಜಿಗೆ ಸುಮಾರು 27 ಕಿ.ಮೀ. ನೋಡಿದವರಿಗೆ ಸಿಎನ್‌ಜಿ ಮೂರನೇ ಒಂದು ಪಾಲು ಹೆಚ್ಚು ದಕ್ಷ ಎನಿಸುತ್ತದೆ. ಆದರೆ ಒಂದು ಕಿಲೋಗ್ರಾಂ ಸಿಎನ್‌ಜಿಯಲ್ಲಿ ಸುಮಾರು 48 ಮೆಗಾಜೂಲ್ ಇದೆ. ಭಾಗಿಸಿ ನೋಡಿ: ಪ್ರತಿ ಕಿ.ಮೀ.ಗೆ ಪೆಟ್ರೋಲಿನಲ್ಲಿ 1.6, ಸಿಎನ್‌ಜಿಯಲ್ಲಿ 1.8 ಮೆಗಾಜೂಲ್ ಖರ್ಚು! ಸಿಎನ್‌ಜಿಯಿಂದ ಕಾರ್ಬನ್ ಡೈಆಕ್ಸೈಡ್ ಕಡಿಮೆ ಎಂಬುದು ನಿಜ. ಆದರೆ ಆ ಗುಣ ಕರಪತ್ರದ ಅಂಕಿಯಿಂದ ತಿಳಿಯುವುದಿಲ್ಲ.

'ನನಗೆ ಮೆಗಾಜೂಲ್ ಏಕೆ? ಉಳಿಯುವ ಹಣ ಎಷ್ಟು ಹೇಳಿ' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್‌ಪಿಜಿ ಲೀಟರಿನಲ್ಲಿ ಪೆಟ್ರೋಲ್ ಲೀಟರಿನ ಶೇ. 78ರಷ್ಟು ಶಕ್ತಿ ಇದೆ. ಆದ್ದರಿಂದ ಅದರ ಬೆಲೆ ಪೆಟ್ರೋಲ್ ಬೆಲೆಯ ಶೇ. 78ಕ್ಕಿಂತ ಕಡಿಮೆ ಇದ್ದರೆ ಮಾತ್ರ ಉಳಿತಾಯ. ಕಿಟ್ ಹಾಕಿಸಿದ ಖರ್ಚು ಆ ಉಳಿತಾಯದಿಂದಲೇ ತೀರಬೇಕು. ಇನ್ನು ಡೀಸೆಲ್: 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ನಿಯಂತ್ರಣ ತೆಗೆಯಿತು, ಡೀಸೆಲ್‌ಗೆ ಅದು ಸಂಪೂರ್ಣ ಹೋದದ್ದು 2014ರ ಅಕ್ಟೋಬರ್‌ನಲ್ಲಿ. ಆ ವರ್ಷಗಳಲ್ಲಿ 'ಡೀಸೆಲ್ ಮಿತವ್ಯಯ' ಎಂದು ಹೆಸರಾದದ್ದರಲ್ಲಿ ಎಂಜಿನ್ನಿನ ಪಾಲಿನ ಜೊತೆಗೆ ಸರ್ಕಾರದ ಸಹಾಯಧನದ ಪಾಲೂ ಇತ್ತು.

ತಪ್ಪು ಲೆಕ್ಕ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನೂ ಗಮನಿಸಬೇಕು. ಉಳಿತಾಯದ ಆಸೆಗೆ ಅಡುಗೆಮನೆಯ 14.2 ಕಿಲೋಗ್ರಾಂ ಸಿಲಿಂಡರನ್ನೇ ವ್ಯಾನಿನಲ್ಲಿ ಬಳಸುವವರಿದ್ದಾರೆ. ಇದು ಕಾನೂನುಬಾಹಿರ, ಅಪಾಯಕಾರಿ. ವಾಹನದ ಟ್ಯಾಂಕನ್ನು ಶೇ. 80ರಷ್ಟು ಮಾತ್ರ ತುಂಬುವ ವ್ಯವಸ್ಥೆ ಇರುತ್ತದೆ. ದ್ರವ ಬಿಸಿಯಾಗಿ ಹಿಗ್ಗಲು ಉಳಿದ ಜಾಗ ಬೇಕು. ಸಿಲಿಂಡರ್ ಸೋರಿದರೆ, ಗಾಳಿಗಿಂತ ಭಾರವಾದ ಅನಿಲ ಮಕ್ಕಳ ಕಾಲಬುಡದಲ್ಲೇ ಶೇಖರಗೊಳ್ಳುತ್ತದೆ. ಒಂದು ಕಿಡಿ ಸಾಕು.

ಹಾಗಾದರೆ ಏನು ಮಾಡಬೇಕು? ತಯಾರಕರು ಪ್ರತಿ ಕಿ.ಮೀ.ಗೆ ತಗಲುವ ಶಕ್ತಿ, ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಮೈಲೇಜಿನ ಪಕ್ಕದಲ್ಲೇ ಅಚ್ಚು ಹಾಕಬೇಕು. ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ಓಡಿಸಿ ಪಡೆದ ಅಂಕಿ ನಿಮ್ಮ ಊರಿನ ರಸ್ತೆಯದ್ದಲ್ಲ ಎಂಬುದನ್ನು ನೀವೂ ಮರೆಯಬಾರದು. ಟ್ಯಾಂಕ್ ಪೂರ್ತಿ ತುಂಬಿಸಿ, ಕೆಲವು ದಿನ ಎಂದಿನಂತೆ ಓಡಿಸಿ, ಮತ್ತೆ ಪೂರ್ತಿ ತುಂಬಿಸಿ. ಎರಡನೆಯ ಸಲ ಕೊಟ್ಟ ಹಣವನ್ನು ಓಡಿದ ಕಿ.ಮೀ.ಗಳಿಂದ ಭಾಗಿಸಿ. ಬರುವ ಉತ್ತರ ರೂಪಾಯಿಯಲ್ಲಿರುತ್ತದೆ. ಇಂಧನ ಯಾವುದಾದರೂ ಅದನ್ನು ಹೋಲಿಸಲು ಅಡ್ಡಿಯಿಲ್ಲ.