ಕೆರೆಯಂಗಳ ತಲುಪದ ವಿದ್ಯಾರ್ಥಿವೇತನ

ಕೋಲಾರ ತಾಲ್ಲೂಕಿನ ವಕ್ಕಲೇರಿ ಹೋಬಳಿಯ ಹುಡುಗಿಯೊಬ್ಬಳು ಐದು ವರ್ಷದ ಬಿ.ಆರ್ಕ್ ಮುಗಿಸಿ, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆ ಎಂದು ಹೊರಟರೆ ದುಡ್ಡು ಎಲ್ಲಿಂದ ಬರುತ್ತದೆ? ಈ ಪ್ರಶ್ನೆ ಹಿಡಿದುಕೊಂಡು ಕೇಂದ್ರದ, ರಾಜ್ಯದ, ಟ್ರಸ್ಟುಗಳ ಯೋಜನೆಗಳನ್ನು ಓದುತ್ತ ಹೋದೆ. ಯೋಜನೆಗಳಿಗೇನೂ ಬರವಿಲ್ಲ. ಆದರೆ ನಾನು ಓದಿದ ಸರ್ಕಾರಿ ಯೋಜನೆಗಳಲ್ಲಿ ಒಂದೂ ಈ ವಿದ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದಲ್ಲ. ನೆಲವನ್ನೇ ಓದಬೇಕಾದ ವಿದ್ಯಾರ್ಥಿಗೆ ನೆಲದ ಮೇಲೆ ಓಡಾಡಲು ಅವುಗಳಲ್ಲಿ ಒಂದು ಕಾಸೂ ಬೇರೆಯಾಗಿ ಇಟ್ಟಿಲ್ಲ. ನನ್ನ ತಕರಾರು ಇದೇ.

ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ಹುಲ್ಲುಹಾಸು, ಕಾರಂಜಿ, ಅಪಾರ್ಟ್‌ಮೆಂಟಿನ ಮುಂದಿನ ಹೂಕುಂಡ ಕಣ್ಣಮುಂದೆ ಬರುವುದರಿಂದಲೇ ಈ ವಿದ್ಯೆಗೆ ಸಾರ್ವಜನಿಕ ಹಣ ಯಾಕೆ ಎಂಬ ಪ್ರಶ್ನೆಯೂ ಏಳುತ್ತದೆ. ಕೋಲಾರ ಜಿಲ್ಲೆಯಲ್ಲಿ ನಿಂತು ನೋಡಿದರೆ ಉತ್ತರ ಬೇರೆ. ಇಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಬಿದ್ದ ಮಳೆಯನ್ನು ಬೆಟ್ಟದ ತಪ್ಪಲಿನಿಂದ ಕುಂಟೆಗೆ, ಕುಂಟೆಯಿಂದ ಕೆರೆಗೆ, ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಇಳಿಸುತ್ತ ಹೋದ ಸಾವಿರಾರು ಕೆರೆಗಳ ನಾಡು ಇದು. ಏರಿ, ತೂಬು, ಕೋಡಿ, ರಾಜಕಾಲುವೆ, ಅಚ್ಚುಕಟ್ಟು, ಊರ ಹೊರಗಿನ ಗುಂಡುತೋಪು, ದನಕ್ಕೆ ಗೋಕಟ್ಟೆ: ಇವೆಲ್ಲ ಸೇರಿ ಒಂದೇ ವಿನ್ಯಾಸ. ಅದನ್ನು ಮಾಡಿದವರು ಯಾವ ಕಾಲೇಜಿನಲ್ಲೂ ಓದಿದವರಲ್ಲ. ಆದರೆ ಇವತ್ತು ಮಾಲೂರಿನ ಮೇಲೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗಿದೆ, ನರಸಾಪುರ ಮತ್ತು ವೇಮಗಲ್‌ನಲ್ಲಿ ಕೈಗಾರಿಕೆ ಬಂದಿದೆ, ಟೇಕಲ್ ಕಡೆಯ ಬೆಟ್ಟಗಳನ್ನು ಕ್ವಾರಿಗಳು ತಿನ್ನುತ್ತಿವೆ, ಕೆರೆಯ ಮೇಲ್ಭಾಗದ ಜಮೀನುಗಳಲ್ಲಿ ದಶಕಗಳ ಕಾಲ ನೀಲಗಿರಿ ಬೆಳೆದಿದೆ. ಯಾವ ಕಾಲುವೆ ಎಲ್ಲಿ ಮುಚ್ಚಿಹೋಯಿತು, ಎಲ್ಲಿ ತೋಪು ಉಳಿಸಿದರೆ ಮಣ್ಣು ನಿಲ್ಲುತ್ತದೆ, ರಸ್ತೆಗೆ ಮಣ್ಣು ಏರಿಸಿದಾಗ ನೀರು ಯಾವ ದಿಕ್ಕಿಗೆ ತಿರುಗಿತು ಎಂದು ಒಟ್ಟಾಗಿ ನೋಡಬಲ್ಲ ತರಬೇತಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗೆ ಇರುತ್ತದೆ. ಎಂಜಿನಿಯರು ಏರಿ ನೋಡುತ್ತಾನೆ, ಅರಣ್ಯ ಇಲಾಖೆಯವರು ಗಿಡ ನೋಡುತ್ತಾರೆ, ಕಂದಾಯದವರು ಸರ್ವೆ ನಂಬರು ನೋಡುತ್ತಾರೆ. ಮೂರನ್ನೂ ಒಂದೇ ಹಾಳೆಯ ಮೇಲೆ ತರುವವರು ನಮಗೆ ಬೇಕು.

ಒಂದು ಕೆರೆಯನ್ನು ಸರಿಯಾಗಿ ಅಧ್ಯಯನ ಮಾಡಲು ಏನು ಬೇಕಾಗುತ್ತದೆ ಎಂದು ಲೆಕ್ಕ ಹಾಕಿ. ಮೊದಲು ಭೂದಾಖಲೆ ಕಚೇರಿಯಿಂದ ಗ್ರಾಮನಕ್ಷೆ ತೆಗೆಸಬೇಕು. ಒಂದು ಕೆರೆಯ ಜಲಾನಯನ ಮೂರು ನಾಲ್ಕು ಹಳ್ಳಿಗಳ ಎಲ್ಲೆ ದಾಟುತ್ತದೆ, ಹಾಗಾಗಿ ನಕ್ಷೆಯೂ ಒಂದರಲ್ಲಿ ಮುಗಿಯುವುದಿಲ್ಲ. ನೆಲದ ಏರಿಳಿತ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಬಾಡಿಗೆಗೆ ತರಬೇಕು, ಅದನ್ನು ಹಿಡಿಯಲು ಜೊತೆಗೊಬ್ಬರು ಬೇಕು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅಂಗಳದ ಹೂಳು ಅಳೆಯಬೇಕು, ಮುಂಗಾರು ಬಿದ್ದಾಗ ಕಾಲುವೆಯಲ್ಲಿ ನೀರು ಬರುವ ದಾರಿ ನೋಡಬೇಕು, ಹಿಂಗಾರು ಮುಗಿದ ಮೇಲೆ ಇನ್ನೊಮ್ಮೆ. ಮಣ್ಣಿನ ಪರೀಕ್ಷೆ, ನೀರಿನ ಪರೀಕ್ಷೆ, ಗಾಡಿಗೆ ಪೆಟ್ರೋಲು. ತೂಬು ಎತ್ತಿ ನೀರು ಬಿಡುತ್ತಿದ್ದ ನೀರಗಂಟಿ ಮನೆತನದವರು ಬದುಕಿದ್ದರೆ ಅವರ ಜೊತೆ ದಿನಗಟ್ಟಲೆ ಕೂತು, ಯಾವ ಗದ್ದೆಗೆ ಯಾವ ಸರದಿಯಲ್ಲಿ ನೀರು ಹೋಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಇಷ್ಟು ಕೆಲಸ ಮಾಡಿದ ಪ್ರಬಂಧಕ್ಕೂ, ಉಪಗ್ರಹ ಚಿತ್ರ ನೋಡಿ ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ಬರೆದ ಪ್ರಬಂಧಕ್ಕೂ ಇರುವ ವ್ಯತ್ಯಾಸ ಓದಿದವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಈಗ ಹಣದ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಎರಡು ಬಾಗಿಲು, ಎರಡರ ನಡುವೆ ಗೋಡೆ. ಮೊದಲನೆಯದು ವಾಸ್ತುಶಿಲ್ಪದ ಬಾಗಿಲು. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ 1972ರಲ್ಲಿ ಈ ಸ್ನಾತಕೋತ್ತರ ಕೋರ್ಸು ಶುರುವಾಯಿತು. ಅಲ್ಲಿ ದೀರ್ಘಕಾಲ ಪಾಠ ಮಾಡಿದ ಪ್ರೊ. ಮೊಹಮ್ಮದ್ ಶಾಹೀರ್ ಅವರ ವಿನ್ಯಾಸದಲ್ಲಿ ಮರುಜೀವ ಪಡೆದ ದೆಹಲಿಯ ಸುಂದರ್ ನರ್ಸರಿ ಉದ್ಯಾನವನ್ನು ನೋಡಿದವರಿಗೆ ಈ ವಿದ್ಯೆಯ ಬೆಲೆ ವಿವರಿಸಬೇಕಾಗಿಲ್ಲ. ಈ ದಾರಿಯಲ್ಲಿ ಹೋಗುವವರಿಗೆ ಇರುವ ಮುಖ್ಯ ಆಸರೆ ಗೇಟ್ ಪರೀಕ್ಷೆ. ಅದರ ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪತ್ರಿಕೆಯಲ್ಲಿ ಭೂದೃಶ್ಯ ವಿನ್ಯಾಸವೂ ಪಠ್ಯದ ಭಾಗ. ಗೇಟ್‌ನಲ್ಲಿ ಅರ್ಹತೆ ಪಡೆದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಮಾನ್ಯತೆಯ ಸಂಸ್ಥೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, 24 ತಿಂಗಳು. ಒಟ್ಟು 2,97,600. ಜೀವನಕ್ಕೆ ಸಾಲುತ್ತದೆ, ಶುಲ್ಕಕ್ಕೆ ಸಾಲುವುದಿಲ್ಲ, ಆದರೂ ದೊಡ್ಡ ನೆರವು.

ತೊಡಕು ಇರುವುದು ‘ಮಾನ್ಯತೆಯ ಸಂಸ್ಥೆ’ ಎಂಬ ಷರತ್ತಿನಲ್ಲಿ. ವಾಸ್ತುಶಿಲ್ಪ ಶಿಕ್ಷಣದ ಅಧಿಕಾರ ಎಐಸಿಟಿಇಯದಲ್ಲ, 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಕಾನೂನಿನ ದೃಷ್ಟಿಯಿಂದ ಗೊಂದಲ ತೀರಿತು. ಆದರೆ ವಿದ್ಯಾರ್ಥಿವೇತನದ ಗಂಟು ಇರುವುದು ಎಐಸಿಟಿಇ ಕೈಯಲ್ಲಿ. ಅದರ ಮಾನ್ಯತೆ ಪಡೆಯುವ ಅಗತ್ಯವೇ ಇಲ್ಲದ ಕಾಲೇಜಿನ ವಿದ್ಯಾರ್ಥಿ ಆ ಗಂಟಿನಿಂದ ಹೊರಗೆ. ಇದಕ್ಕೆ ಇನ್ನೊಂದು ಸಮಸ್ಯೆ ಸೇರುತ್ತದೆ. ಕರ್ನಾಟಕದಲ್ಲಿ ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದೂ ಎಂ.ಆರ್ಕ್ ಸೇರಬಹುದು. ಹಾಗೆ ಬಂದವರಿಗೆ ಗೇಟ್ ಹಣ ಇಲ್ಲ. ಒಂದೇ ಸ್ಟುಡಿಯೋದಲ್ಲಿ ಅಕ್ಕಪಕ್ಕ ಕೂತು ಒಂದೇ ನಕ್ಷೆ ಬರೆಯುವ ಇಬ್ಬರಲ್ಲಿ ಒಬ್ಬರಿಗೆ ತಿಂಗಳಿಗೆ 12,400, ಇನ್ನೊಬ್ಬರಿಗೆ ಸೊನ್ನೆ. ಗೇಟ್‌ಗೆ ಕೋಚಿಂಗ್ ಸಿಗುವುದು ಬೆಂಗಳೂರಿನಲ್ಲಿ, ಹಣದ ಅಗತ್ಯ ಹೆಚ್ಚಿರುವುದು ಹಳ್ಳಿಯಲ್ಲಿ. ಮುಂದೆ ಪಿಎಚ್.ಡಿ. ಮಾಡುತ್ತೇನೆಂದರೂ ಯುಜಿಸಿ ನೆಟ್‌ನ ವಿಷಯಪಟ್ಟಿಯಲ್ಲಿ ವಾಸ್ತುಶಿಲ್ಪವೇ ಇಲ್ಲ.

ಎರಡನೆಯದು ತೋಟಗಾರಿಕೆಯ ಬಾಗಿಲು. ಕೋಲಾರದ ಟಮಕದಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ಇದೆ. ಎಂ.ಎಸ್ಸಿ. ತೋಟಗಾರಿಕೆಯಲ್ಲಿ ಪುಷ್ಪಕೃಷಿ ಮತ್ತು ಭೂದೃಶ್ಯ ವಿನ್ಯಾಸ ಒಂದು ವಿಭಾಗ. ಇದಕ್ಕೆ ಬಿ.ಆರ್ಕ್ ಓದಿದವರು ಬರುವಂತಿಲ್ಲ, ತೋಟಗಾರಿಕೆ ಅಥವಾ ಕೃಷಿ ಪದವಿ ಬೇಕು. ಇಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಹಣ ಇದೆ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಮೇಲಿನ ರ‍್ಯಾಂಕ್ ಪಡೆದವರಿಗೆ ತಿಂಗಳಿಗೆ 12,640 ರೂಪಾಯಿಯ ಸ್ಕಾಲರ್‌ಶಿಪ್. ಅದು ಸಿಗದಿದ್ದರೆ 5,000 ರೂಪಾಯಿಯ ರಾಷ್ಟ್ರೀಯ ಪ್ರತಿಭಾ ವೇತನ, ಆದರೆ ತವರು ರಾಜ್ಯ ಬಿಟ್ಟು ಹೊರಗೆ ಸೇರಿದವರಿಗೆ ಮಾತ್ರ. ಒಂದೇ ಕಡೆ ಓದಿ ಅಲ್ಲೇ ಬೇರೂರಿ ಹೋಗಬಾರದು, ಬೇರೆ ಕಡೆಯ ವಿದ್ಯೆಯೂ ಬೆರೆಯಬೇಕು ಎಂಬ ಆಶಯ ಒಳ್ಳೆಯದೇ. ಆದರೆ ಭೂದೃಶ್ಯ ಓದುವವಳಿಗೆ ತನ್ನ ನೆಲವೇ ಪ್ರಯೋಗಾಲಯ. ಸೂಕ್ಷ್ಮಜೀವಿ ಓದುವವನಿಗೆ ಹಾಕಿದ ಷರತ್ತನ್ನು ಹಾಗೇ ಇವಳಿಗೂ ಹಾಕಿದರೆ, ಊರು ಬಿಟ್ಟರೆ ಹಣ, ಊರಲ್ಲಿದ್ದರೆ ಇಲ್ಲ ಎಂದಂತಾಗುತ್ತದೆ.

ರಾಜ್ಯದ ಯೋಜನೆಗಳ ಬಗ್ಗೆ ನನಗೆ ಗೌರವವಿದೆ, ಯಾಕೆಂದರೆ ಅವು ರ‍್ಯಾಂಕ್ ಕೇಳುವುದಿಲ್ಲ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ 10,000, ಹೆಣ್ಣುಮಕ್ಕಳಿಗೆ 11,000. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಆರ್‌ಡಿ ನಂಬರು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹಾಕಿ, ರೈತ ನೋಂದಣಿಯಲ್ಲಿ ಅಪ್ಪನಿಗೆ ಸಿಕ್ಕ ಫ್ರೂಟ್ಸ್ ಐಡಿ ಜೋಡಿಸಿ, ಆಧಾರ್‌ಗೆ ಬ್ಯಾಂಕ್ ಖಾತೆ ಸೀಡ್ ಆಗಿದೆಯೇ ನೋಡಿಕೊಂಡರೆ ಹಣ ನೇರ ಖಾತೆಗೆ ಬೀಳುತ್ತದೆ. ಮಧ್ಯವರ್ತಿ ಇಲ್ಲ. ಇದು ನಿಜವಾದ ಸಾಧನೆ. ಆದರೆ ವರ್ಷಕ್ಕೆ ಹನ್ನೊಂದು ಸಾವಿರದಲ್ಲಿ ಡ್ರಾಯಿಂಗ್ ಪ್ರಿಂಟ್ ತೆಗೆಸುವ ಖರ್ಚೂ ಪೂರ್ತಿ ಹುಟ್ಟುವುದಿಲ್ಲ. ಈ ಹಣ ಓದು ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೆ. 

ವಿದೇಶದ ಓದಿಗೆ ಬಂದರೆ ನನ್ನ ತಕರಾರು ಗಟ್ಟಿಯಾಗುತ್ತದೆ. 1892ರಿಂದ ಇರುವ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲ ರೂಪದ ವಿದ್ಯಾರ್ಥಿವೇತನ. ಪರಿಶಿಷ್ಟರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ 125 ಸ್ಥಾನ: ಪರಿಶಿಷ್ಟ ಜಾತಿಗೆ 115, ಅಲೆಮಾರಿ ಸಮುದಾಯಗಳಿಗೆ 6, ಭೂರಹಿತ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ 4. ಇಡೀ ದೇಶಕ್ಕೆ ನಾಲ್ಕು. 2022ರಲ್ಲಿ ಇದರ ನಿಯಮಕ್ಕೆ ಒಂದು ಸಾಲು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜಕ್ಕೆ ಸಂಬಂಧಿಸಿದ ವಿಷಯಗಳಿಗೆ ಹಣ ಇಲ್ಲ. ನಮ್ಮ ವಿಷಯ ಓದಲು ಹೊರದೇಶ ಯಾಕೆ ಎಂಬುದು ಇದರ ಹಿಂದಿನ ತರ್ಕ.

ಈ ತರ್ಕ ಎಲ್ಲಿ ಎಡವುತ್ತದೆ ಎಂದು ತಿಳಿಯಲು ವಕ್ಕಲೇರಿಯ ಉದಾಹರಣೆಯನ್ನೇ ನೋಡಿ. ಇತಿಹಾಸದ ಪುಸ್ತಕಗಳಲ್ಲಿ ಈ ಊರಿನ ಹೆಸರು ಇರುವುದು ಕ್ರಿ.ಶ. 757ರ ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮ ಹಾನಗಲ್ಲು ಸೀಮೆಯ ಊರೊಂದನ್ನು ದತ್ತಿ ಕೊಟ್ಟ ಪತ್ರ ಅದು. ಇಂಥ ಶಾಸನಗಳಲ್ಲಿ ಎಲ್ಲೆ ಗುರುತಿಸಲು ಹೊಳೆ, ಕೆರೆ, ಮರ, ನೆರೆಯ ಊರುಗಳ ಹೆಸರು ಬರುತ್ತವೆ. ಇವನ್ನು ನೆಲದ ಮೇಲೆ ಹುಡುಕಿ, ಇಂದಿನ ನಕ್ಷೆಯ ಮೇಲೆ ಇಟ್ಟು, ಹನ್ನೆರಡು ಶತಮಾನಗಳಲ್ಲಿ ನೀರಿನ ದಾರಿ ಹೇಗೆ ಬದಲಾಯಿತು ಎಂದು ತೋರಿಸುವುದು ಭೂದೃಶ್ಯ ಶಾಸ್ತ್ರದ ಒಳ್ಳೆಯ ಸಂಶೋಧನೆ. ಮಾಹಿತಿ ಇಲ್ಲಿದೆ, ಒಪ್ಪುತ್ತೇನೆ. ಆದರೆ ಹಳೆಯ ನೆಲವನ್ನು ಓದುವ ವಿಧಾನಗಳನ್ನು ಹತ್ತಾರು ವರ್ಷಗಳಿಂದ ಬೆಳೆಸಿದ ವಿಭಾಗಗಳು ಹೊರಗಡೆ ಇವೆ. ಹಾರ್ವರ್ಡ್‌ನಲ್ಲಿ ಈ ವಿಷಯ 1900ರಿಂದಲೇ ಪಾಠವಾಗುತ್ತಿದೆ. ಶಾಹೀರ್ ಅವರೂ ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಓದಿ ಬಂದವರು. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡಿ ಬಂದ ಎಂ.ಎಚ್. ಮರಿಗೌಡರು ಲಾಲ್‌ಬಾಗನ್ನೂ ರಾಜ್ಯದ ತೋಟಗಾರಿಕೆ ಇಲಾಖೆಯನ್ನೂ ಬೆಳೆಸಿದ ರೀತಿ ಕನ್ನಡಿಗರಿಗೆ ಗೊತ್ತು. ಹೊರಗೆ ಕಲಿತ ವಿದ್ಯೆ ನಮ್ಮ ನೆಲಕ್ಕೆ ಬಂದ ದಾರಿಯನ್ನೇ, ಅದೂ ಬಡವರ ಮಕ್ಕಳಿಗೆ ಮಾತ್ರ, ಮುಚ್ಚುವ ಈ ಸಾಲು ಅನ್ಯಾಯದ್ದು. ಕೈಯಲ್ಲಿ ಕಾಸಿದ್ದವರು ಏನನ್ನು ಬೇಕಾದರೂ ಎಲ್ಲಿ ಬೇಕಾದರೂ ಓದಬಹುದು. ಸರ್ಕಾರದ ಹಣದಲ್ಲಿ ಹೋಗುವವನು ಮಾತ್ರ ತನ್ನೂರಿನ ಚರಿತ್ರೆಯನ್ನು ಬಿಟ್ಟು ಹೋಗಬೇಕು. ಆ ಸಾಲನ್ನು ತೆಗೆಯಬೇಕು.

ಹಣವೇ ಇಲ್ಲ ಎಂಬ ಮಾತನ್ನು ಕೋಲಾರ ಜಿಲ್ಲೆಯಲ್ಲಿ ಯಾರೂ ಹೇಳಲಾರರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್ ಇಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಗೆ ಸಾವಿರ ಕೋಟಿ ರೂಪಾಯಿಗೂ ಮೀರಿ ಖರ್ಚಾಗಿದೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಆಮೇಲೆ ನೊರೆ ಬಂತು, ವಿಷಯ ಕೋರ್ಟಿಗೆ ಹೋಯಿತು, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟ ನಡೆದಿದೆ. ನೀರಿನ ಗುಣಮಟ್ಟದ ಬಗ್ಗೆ ವಾದ ವಿವಾದ ಆಯಿತು, ಆಗಲೇಬೇಕಿತ್ತು. ಆದರೆ ವರ್ಷದಲ್ಲಿ ಎಂಟು ತಿಂಗಳು ಒಣಗಿರುತ್ತಿದ್ದ ಕೆರೆ ಈಗ ಸದಾ ತುಂಬಿದ್ದರೆ ಅದರ ದಡದಲ್ಲಿ ಏನು ಬೆಳೆಯಬೇಕು, ಅಂಗಳದಲ್ಲಿ ದನ ಮೇಯಿಸುತ್ತಿದ್ದವರು ಎಲ್ಲಿಗೆ ಹೋಗಬೇಕು, ಒಳಹರಿವಿನ ಬಾಯಲ್ಲಿ ಜೊಂಡು ಬೆಳೆಸಿ ನೀರು ಸೋಸಬಹುದೇ ಎಂಬ ಪ್ರಶ್ನೆಗಳು ಆ ಗದ್ದಲದಲ್ಲಿ ಹಿಂದೆ ಬಿದ್ದವು. ಇವು ನೇರವಾಗಿ ಭೂದೃಶ್ಯ ವಿದ್ಯಾರ್ಥಿಯ ಪ್ರಶ್ನೆಗಳು. ಗೇಟ್ ದರದಲ್ಲೇ ಹತ್ತು ವಿದ್ಯಾರ್ಥಿಗಳಿಗೆ ಎರಡು ವರ್ಷ ವೇತನ ಕೊಟ್ಟರೂ ಮೂವತ್ತು ಲಕ್ಷ ದಾಟುವುದಿಲ್ಲ.

ಅದಕ್ಕೆ ಹೊಸ ತೆರಿಗೆ ಬೇಡ. 2015ರ ಗಣಿ ಕಾಯ್ದೆ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ, ಕ್ವಾರಿಗಳಿಂದ ವಂತಿಗೆ ಬರುತ್ತದೆ. ಆ ನಿಧಿ ಬಳಸುವ ಆದ್ಯತೆಯ ಪಟ್ಟಿಯಲ್ಲಿ ಪರಿಸರ ಸಂರಕ್ಷಣೆಯೂ ಇದೆ, ಶಿಕ್ಷಣವೂ ಇದೆ. ಬೆಟ್ಟ ಕರಗಿಸಿ ಬಂದ ಹಣದಲ್ಲಿ ಒಂದು ಪಾಲು ಆ ಬೆಟ್ಟದ ಕೆಳಗಿನ ಕೆರೆಯನ್ನು ಓದುವವರಿಗೆ ಹೋಗಲಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಜಿಲ್ಲಾಡಳಿತ, ಸಣ್ಣ ನೀರಾವರಿ ಇಲಾಖೆ ಮತ್ತು ಟಮಕದ ಕಾಲೇಜು ಸೇರಿ ಇದನ್ನು ನಡೆಸಬಹುದು. ವಾಸ್ತುಶಿಲ್ಪದವರು, ತೋಟಗಾರಿಕೆಯವರು ಇಬ್ಬರಿಗೂ ತೆರೆದಿರಲಿ. ರ‍್ಯಾಂಕ್ ಬದಲು, ಯಾವ ಕೆರೆ, ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಲಿ. ಜೀವನಕ್ಕೆ ಬೇರೆ, ಕ್ಷೇತ್ರಕಾರ್ಯಕ್ಕೆ ಬೇರೆ ಹಣ ಇರಲಿ. ಮುಗಿದ ಅಧ್ಯಯನ ಕನ್ನಡದಲ್ಲಿ, ನಕ್ಷೆ ಸಮೇತ, ಆ ಗ್ರಾಮ ಪಂಚಾಯಿತಿಗೆ ಸಲ್ಲಬೇಕೆಂಬ ಒಂದೇ ಷರತ್ತು ಸಾಕು.

ಅಲ್ಲಿಯವರೆಗೆ ಈ ದಾರಿ ಹಿಡಿಯುವ ವಿದ್ಯಾರ್ಥಿಗಳಿಗೆ ಒಂದು ಮಾತು. ಸೀಟು ಒಪ್ಪಿಕೊಳ್ಳುವ ಮುಂಚೆ ಆ ಕೋರ್ಸಿಗೆ ಎಐಸಿಟಿಇ ಮಾನ್ಯತೆ ಈ ವರ್ಷ ಇದೆಯೇ, ಗೇಟ್ ವೇತನ ಕಳೆದ ಬ್ಯಾಚಿನವರ ಕೈಗೆ ನಿಜವಾಗಿ ಬಂದಿದೆಯೇ ಎಂದು ಕಾಲೇಜಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಬಿ.ಆರ್ಕ್‌ನ ಕೊನೆಯ ವರ್ಷದಲ್ಲೇ ಗೇಟ್ ಬರೆಯಿರಿ, ಅದರ ಅಂಕ ಮೂರು ವರ್ಷ ಚಲಾವಣೆಯಲ್ಲಿರುತ್ತದೆ. ಪ್ರಬಂಧಕ್ಕೆ ನಿಮ್ಮೂರಿನ ಕೆರೆಯನ್ನೇ ಆರಿಸಿಕೊಳ್ಳಿ, ಅದರ ಖರ್ಚಿನ ಪಟ್ಟಿ ಮಾಡಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿ.