ಹದಿನೈದು ಸೆಕೆಂಡಿನ ಆಶೀರ್ವಾದ

2023ರ ಡಿಸೆಂಬರ್ 18ರಂದು, ಕ್ರಿಸ್‌ಮಸ್‌ಗೆ ಇನ್ನೊಂದು ವಾರವಿದೆ ಎನ್ನುವಾಗ, ವ್ಯಾಟಿಕನ್ನಿನ ವಿಶ್ವಾಸಸಿದ್ಧಾಂತ ಇಲಾಖೆಯಿಂದ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಘೋಷಣೆ ಹೊರಬಿತ್ತು. 45 ಕಂಡಿಕೆಗಳ ಈ ಬರಹಕ್ಕೆ ಇಲಾಖೆಯ ಮುಖ್ಯಸ್ಥರಾದ ಅರ್ಜೆಂಟೀನಾದ ಕಾರ್ಡಿನಲ್ ವಿಕ್ಟರ್ ಮಾನ್ಯುಯೆಲ್ ಫೆರ್ನಾಂಡಿಸ್ ಅವರ ಸಹಿಯಿದೆ, ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯಿದೆ. ಘೋಷಣೆಯೆಂಬ ದರ್ಜೆಯ ದಾಖಲೆಯನ್ನು ಆ ಇಲಾಖೆ 2000ದ ‘ದೋಮಿನುಸ್ ಯೇಸುಸ್’ ಬಳಿಕ ಹೊರಡಿಸಿಯೇ ಇರಲಿಲ್ಲ. ಇಷ್ಟಾಗಿ ಸುದ್ದಿಯಾದದ್ದು ಒಂದೇ ಸಂಗತಿ: ಸಲಿಂಗ ಜೋಡಿಯೊಂದು ಬಂದು ಕೇಳಿಕೊಂಡರೆ ಗುರುಗಳು ಆಶೀರ್ವದಿಸಬಹುದು. ಹಿಗ್ಗಿದವರೂ ಸಿಡಿಮಿಡಿಗೊಂಡವರೂ ಅದನ್ನೇ ಹಿಡಿದು ಕುಳಿತರು. ಬರಹವನ್ನು ಆಮೂಲಾಗ್ರ ಓದಿದಾಗ ಅನ್ನಿಸುವುದೇ ಬೇರೆ. ಅದರಲ್ಲಿ ನಿಜಕ್ಕೂ ಒಳ್ಳೆಯದೆನ್ನಬಹುದಾದ ಭಾಗದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಅದರ ದೊಡ್ಡ ಕೊರತೆಯ ಬಗ್ಗೆಯೂ ಮಾತಾಡಲಿಲ್ಲ.

ಹಿಂದಿನದನ್ನು ಸ್ವಲ್ಪ ನೋಡಬೇಕು. 2021ರ ಮಾರ್ಚ್‌ನಲ್ಲಿ ಇದೇ ಇಲಾಖೆಗೆ ಇದೇ ಪ್ರಶ್ನೆ ಬಂದಿತ್ತು. ಆಗ ಬಂದ ಉತ್ತರ ಚುಟುಕಾಗಿ ‘ಇಲ್ಲ’. ಪಾಪವನ್ನು ದೇವರು ಆಶೀರ್ವದಿಸಲಾರ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಉತ್ತರ ಹೊರಬಂದದ್ದೂ ಪೋಪ್ ಫ್ರಾನ್ಸಿಸ್ ಕಾಲದಲ್ಲೇ, ಅವರ ಸಮ್ಮತಿಯಿಂದಲೇ. ಅದಾಗಿ ಎರಡು ತಿಂಗಳೊಳಗೆ ಜರ್ಮನಿಯ ಎಷ್ಟೋ ಚರ್ಚುಗಳಲ್ಲಿ ಗುರುಗಳು ಬಹಿರಂಗವಾಗಿಯೇ ಸಲಿಂಗ ಜೋಡಿಗಳನ್ನು ಆಶೀರ್ವದಿಸಿದರು. ಮರುವರ್ಷ ಬೆಲ್ಜಿಯಂನ ಫ್ಲೆಮಿಶ್ ಧರ್ಮಾಧ್ಯಕ್ಷರು ಅಂಥ ಪ್ರಾರ್ಥನೆಯ ಮಾದರಿಯೊಂದನ್ನು ಪ್ರಕಟಿಸಿಯೇಬಿಟ್ಟರು. ಅಂದರೆ ಫೆರ್ನಾಂಡಿಸ್ ಅವರ ಮುಂದಿದ್ದದ್ದು ಖಾಲಿ ಹಾಳೆಯಲ್ಲ. ಇಲಾಖೆಯ ಹಳೆಯ ಮಾತನ್ನು ಸುಳ್ಳು ಮಾಡದೆ ಹೊಸ ಮಾತು ಹೇಳುವ ಪಡಿಪಾಟಲು ಅವರದಾಗಿತ್ತು.

ಅವರು ಹಿಡಿದ ದಾರಿ ಜನಸಾಮಾನ್ಯರ ಭಕ್ತಿಯದು. ಮದುವೆಯಂಥ ಸಂಸ್ಕಾರಕ್ಕೆ ವಿಧಿಯಿದೆ, ನಿಯಮವಿದೆ, ಅರ್ಹತೆಯ ಪ್ರಶ್ನೆಯಿದೆ. ಆದರೆ ಯಾತ್ರೆಗೆ ಹೋದಲ್ಲಿ, ದಾರಿಯಲ್ಲಿ ಗುರುಗಳು ಎದುರಾದಲ್ಲಿ ತಲೆಬಾಗಿ ಬೇಡುವ ಆಶೀರ್ವಾದಕ್ಕೆ ಇದಾವುದೂ ಇಲ್ಲ. ಬೇಡಿ ಬಂದವರ ಬದುಕನ್ನು ಮೊದಲು ಜಾಲಾಡಿ ಆಮೇಲೆ ಕೈಯೆತ್ತುವುದು ಸಲ್ಲದು ಎಂದು ಘೋಷಣೆ ಸ್ಪಷ್ಟವಾಗಿಯೇ ಹೇಳುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಜನವರಿಯಲ್ಲಿ ಹೋಗಿ ನೋಡಿ. ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಅನೇಕರು ಕ್ರೈಸ್ತರೇ ಅಲ್ಲ. ಪರೀಕ್ಷೆ ಬರೆಯುವ ಹುಡುಗ, ಮಕ್ಕಳಾಗದ ಹೆಂಗಸು, ಕುಡಿತ ಬಿಡುತ್ತೇನೆಂದು ಹರಕೆ ಹೊತ್ತು ಎರಡನೇ ಸಲವೋ ಮೂರನೇ ಸಲವೋ ಬಂದ ಗಂಡಸು, ಎಲ್ಲರ ತಲೆಯ ಮೇಲೂ ಗುರುಗಳ ಕೈ ಬೀಳುತ್ತದೆ. ನಿಮ್ಮ ಮದುವೆ ರಿಜಿಸ್ಟರ್ ಆಗಿದೆಯೇ, ಕಳೆದ ವರ್ಷದ ಹರಕೆ ಉಳಿಸಿಕೊಂಡಿರಾ ಎಂದು ಯಾರೂ ಕೇಳುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಂಗಳೂರಿನ ಚರ್ಚುಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ತೆನೆ ಬೆಳೆದ ಗದ್ದೆಯ ವ್ಯಾಜ್ಯ ಕೋರ್ಟಿನಲ್ಲಿದೆಯೇ ಎಂಬ ತನಿಖೆ ನಡೆಯುವುದಿಲ್ಲ. ಆಶೀರ್ವಾದವೆಂದರೆ ಶಾಲೆ ಬಿಡುವಾಗ ಹೆಡ್‌ಮಾಸ್ತರು ಬರೆದುಕೊಡುವ ಗುಣನಡತೆಯ ಸರ್ಟಿಫಿಕೇಟಲ್ಲ. ಇಷ್ಟು ಸರಳ ಸತ್ಯವನ್ನು ರೋಮಿನ ಕಚೇರಿಯೊಂದು ಕೊನೆಗೂ ಬರೆದಿಟ್ಟಿತಲ್ಲ ಎಂಬುದೇ ಈ ಘೋಷಣೆಯ ಮೇಲ್ಮೆ. ಮೊದಲ 30 ಕಂಡಿಕೆಗಳಲ್ಲಿ ಸಲಿಂಗ ಜೋಡಿಗಳ ಪ್ರಸ್ತಾಪ ತೀರಾ ಕಡಿಮೆ. ನನಗೆ ಹಿಡಿಸಿದ್ದೂ ಆ ಭಾಗವೇ.

31ನೆಯ ಕಂಡಿಕೆಯಿಂದ ಬರಹದ ದನಿ ಬದಲಾಗುತ್ತದೆ. ಅಂಗಳದಲ್ಲಿ ನಿಂತು ಮಾತಾಡುತ್ತಿದ್ದವರು ದಿಢೀರನೆ ಒಳಗೆ ಹೋಗಿ ವಕೀಲರನ್ನು ಕರೆದುಕೊಂಡು ಬಂದ ಹಾಗೆ. ಜೋಡಿಯನ್ನು ಆಶೀರ್ವದಿಸಬಹುದು, ಆದರೆ ಅವರ ಕೂಡಿಕೆಯನ್ನಲ್ಲ. ಅದಕ್ಕೊಂದು ವಿಧಿ ಬರೆದಿಡಕೂಡದು. ಸರ್ಕಾರಿ ನೋಂದಣಿಯ ದಿನ ಮಾಡಕೂಡದು, ಅದಕ್ಕೆ ತಳುಕು ಹಾಕಲೂಕೂಡದು. ಮದುವೆಯ ಉಡುಪಿರಕೂಡದು, ಮದುವೆಯ ಮಾತು, ಸಂಜ್ಞೆಗಳಿರಕೂಡದು. ಸರಿ, ಮದುವೆಯೆಂದು ಜನ ತಪ್ಪು ತಿಳಿಯಬಾರದೆಂಬ ಕಾಳಜಿ ಎನ್ನೋಣ. ಹಾಗಾದರೆ ಗುರುಗಳು ಏನೆಂದು ಪ್ರಾರ್ಥಿಸಬೇಕು? ಅದನ್ನೂ 38ನೆಯ ಕಂಡಿಕೆ ಸೂಚಿಸುತ್ತದೆ. ಆ ಇಬ್ಬರಿಗೆ ನೆಮ್ಮದಿ, ಆರೋಗ್ಯ, ತಾಳ್ಮೆ, ಮಾತುಕತೆಯ ಮನಸ್ಸು, ಒಬ್ಬರಿಗೊಬ್ಬರು ನೆರವಾಗುವ ಗುಣ ಇವುಗಳನ್ನು ಬೇಡಬಹುದು.

ಇಡೀ ಘೋಷಣೆಯ ಜೋಡಣೆ ಬಿಚ್ಚಿಕೊಳ್ಳುವುದು ಈ ಪಟ್ಟಿಯಲ್ಲೇ. ಆರೋಗ್ಯ ಒಬ್ಬೊಬ್ಬರದು, ನೆಮ್ಮದಿಯೂ ಒಬ್ಬೊಬ್ಬರದಾಗಬಹುದು. ತಾಳ್ಮೆ ಯಾರ ಜೊತೆ? ಮಾತುಕತೆ ಯಾರೊಂದಿಗೆ? ಒಬ್ಬರಿಗೊಬ್ಬರ ನೆರವು ಒಬ್ಬರೇ ಇದ್ದಲ್ಲಿ ಹೇಗೆ ಸಾಧ್ಯ? ಇವೆಲ್ಲ ಇಬ್ಬರ ನಡುವಿನ ಬಾಳ್ವೆಯ ಗುಣಗಳು. ಬಾಳ್ವೆಯನ್ನು ಆಶೀರ್ವದಿಸುವುದಿಲ್ಲ ಎಂದವರು ಆ ಬಾಳ್ವೆ ಚೆನ್ನಾಗಿ ನಡೆಯಲು ಬೇಕಾದ ಎಲ್ಲವನ್ನೂ ದೇವರಲ್ಲಿ ಬೇಡುತ್ತಾರೆ. ಸಂಪ್ರದಾಯಸ್ಥ ಟೀಕಾಕಾರರು ಇದನ್ನು ಚೆನ್ನಾಗಿಯೇ ಹಿಡಿದರು. ‘ಜೋಡಿ ಬೇರೆ, ಕೂಡಿಕೆ ಬೇರೆ’ ಎಂಬ ವಾದ ನಿಲ್ಲುವುದಿಲ್ಲ ಎಂದ ಅವರ ತರ್ಕದಲ್ಲಿ ನನಗೆ ದೋಷ ಕಾಣುವುದಿಲ್ಲ. ಅದರಿಂದ ಅವರು ತೆಗೆದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಇಬ್ಬರು ಪರಸ್ಪರ ತಾಳ್ಮೆಯಿಂದ ಬಾಳಲಿ ಎಂಬ ಪ್ರಾರ್ಥನೆ ಕೆಟ್ಟದ್ದಾಗಲು ಸಾಧ್ಯವಿಲ್ಲ ಎಂದು ಒಪ್ಪಿದ ಮೇಲೆ, ಆ ಬಾಳ್ವೆಯಲ್ಲಿ ಒಳಿತೇನಾದರೂ ಇದೆ ಎಂದು ಒಪ್ಪಿದಂತೆಯೇ ಆಯಿತು. ಘೋಷಣೆ ಅದನ್ನು ಒಪ್ಪಿದೆ. ಒಪ್ಪಿದ್ದೇನೆಂದು ಹೇಳಲು ಧೈರ್ಯ ಸಾಲದಾಗಿದೆ.

ಧೈರ್ಯ ಸಾಲದ್ದು ಎಷ್ಟೆಂದರೆ, ಹೊರಬಂದ 17 ದಿನಕ್ಕೇ ಸ್ಪಷ್ಟೀಕರಣ ಕೊಡಬೇಕಾಯಿತು. ಮಲಾವಿ, ಜಾಂಬಿಯಾಗಳ ಧರ್ಮಾಧ್ಯಕ್ಷರು ನಮ್ಮಲ್ಲಿ ಇದು ನಡೆಯದು ಎಂದು ಕೂಡಲೇ ಸಾರಿದ್ದರು. ಅತ್ತ ನ್ಯೂಯಾರ್ಕಿನಲ್ಲಿ ಜೆಸ್ವಿಟ್ ಗುರು ಜೇಮ್ಸ್ ಮಾರ್ಟಿನ್ ಘೋಷಣೆಯ ಮರುದಿನವೇ, ಪೂಜಾವಸ್ತ್ರ ಧರಿಸದೆ, ಇಬ್ಬರು ಪುರುಷರನ್ನು ಆಶೀರ್ವದಿಸಿದ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. 2024ರ ಜನವರಿ 4ರ ಸ್ಪಷ್ಟೀಕರಣದಲ್ಲಿ ಫೆರ್ನಾಂಡಿಸ್ ಆಶೀರ್ವಾದದ ಮಾದರಿಯೊಂದನ್ನೂ ಕೊಟ್ಟು, ಇದು 10ರಿಂದ 15 ಸೆಕೆಂಡುಗಳ ಮಾತು ಎಂದರು. ದೇವರ ಕೃಪೆಗೆ ಸ್ಟಾಪ್‌ವಾಚ್ ಹಿಡಿದ ಮೊದಲ ಕಾರ್ಡಿನಲ್ ಇವರೇ ಇರಬೇಕು! ನಗು ಬಂದರೂ, ಸಂಗತಿ ನಗುವಂಥದ್ದಲ್ಲ. ಚಿಕ್ಕದಾಗಿದ್ದಷ್ಟೂ ಅಪಾಯ ಕಡಿಮೆ ಎಂಬ ಲೆಕ್ಕಾಚಾರ, ಘೋಷಣೆಯ ಮೊದಲ ಭಾಗದ ಧಾರಾಳವನ್ನೇ ನುಂಗಿಹಾಕುತ್ತದೆ. ಜನವರಿ 11ರಂದು ಆಫ್ರಿಕಾದ ಧರ್ಮಾಧ್ಯಕ್ಷರ ಒಕ್ಕೂಟದ ಪರವಾಗಿ ಕಿನ್ಶಾಸಾದ ಕಾರ್ಡಿನಲ್ ಫ್ರಿದೋಲಿನ್ ಅಂಬೊಂಗೊ, ಆಫ್ರಿಕಾದಲ್ಲಿ ಇಂಥ ಆಶೀರ್ವಾದ ಇರುವುದಿಲ್ಲ ಎಂದು ಪ್ರಕಟಿಸಿದರು. ಅದೂ ರೋಮಿಗೆ ಹೋಗಿ ಫೆರ್ನಾಂಡಿಸ್ ಜೊತೆ ಕೂತು, ಪೋಪರ ಗಮನಕ್ಕೂ ತಂದು ಮಾಡಿದ ಹೇಳಿಕೆ. ಮಾರ್ಚ್‌ನಲ್ಲಿ ಈಜಿಪ್ಟಿನ ಕೋಪ್ಟಿಕ್ ಚರ್ಚು ಕಥೋಲಿಕರೊಂದಿಗಿನ ತತ್ವಸಂವಾದವನ್ನೇ ನಿಲ್ಲಿಸಿತು.

ಆಫ್ರಿಕಾದ ವಾದವನ್ನು ಹಿಂದುಳಿದವರ ಗೊಣಗಾಟವೆಂದು ತಳ್ಳಿಹಾಕುವುದು ಯುರೋಪಿಯನ್ನರ ಚಾಳಿ. ತಮ್ಮ ಸಮಾಜದ ಮೇಲೆ ಹೊರಗಿನವರು ತಮ್ಮ ಜಗಳಗಳನ್ನು ಹೇರುತ್ತಿದ್ದಾರೆಂಬ ಆಫ್ರಿಕನ್ನರ ಸಿಟ್ಟಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಮಲಾವಿ, ಜಾಂಬಿಯಾ, ಉಗಾಂಡಾಗಳಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ ಕಾನೂನಿನ ಬೇರು ಅಲ್ಲಿನ ಹಳ್ಳಿಗಳ ಕಟ್ಟುಕಟ್ಟಳೆಯಲ್ಲಿಲ್ಲ. ಅದು ಬ್ರಿಟಿಷರು ವಸಾಹತುಗಳಿಗೆಲ್ಲ ಹೊಲಿಸಿಕೊಟ್ಟ ದಂಡಸಂಹಿತೆಯ ಕುಡಿ. ಮೆಕಾಲೆಯ ಆಯೋಗ ಕರಡು ಮಾಡಿದ, 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನ ದಾಯಾದಿಗಳು ಅವು. ಹೊರಗಿನವರ ಹೇರಿಕೆಯನ್ನು ವಿರೋಧಿಸುವ ಭರದಲ್ಲಿ ಹೊರಗಿನವರ ಇನ್ನೊಂದು ಹೇರಿಕೆಯನ್ನು ಸ್ವಂತದ್ದೆಂದು ತಬ್ಬಿಕೊಳ್ಳುವ ಈ ವೈಚಿತ್ರ್ಯ ನಮಗೇನೂ ಹೊಸದಲ್ಲ. ನಮ್ಮಲ್ಲೂ 377 ಭಾರತೀಯ ಸಂಸ್ಕೃತಿಯ ಕೋಟೆಗೋಡೆಯಾಗಿ ಬಹುಕಾಲ ಮೆರೆಯಿತು.

ನನ್ನ ಮುಖ್ಯ ತಕರಾರು ಇಲ್ಲಿದೆ. ಜನವರಿಯ ಸ್ಪಷ್ಟೀಕರಣ ಈ ಕಾನೂನುಗಳ ಪ್ರಸ್ತಾಪ ಮಾಡುತ್ತದೆ. ಕೆಲವು ದೇಶಗಳಲ್ಲಿ ಇಂಥವರಿಗೆ ಜೈಲು ಇದೆ, ಚಿತ್ರಹಿಂಸೆಯಿದೆ, ಮರಣದಂಡನೆಯೂ ಇದೆ, ಆದ್ದರಿಂದ ಅಂಥಲ್ಲಿ ಆಶೀರ್ವಾದ ವಿವೇಕದ ಕೆಲಸವಾಗದು ಎಂದು ಹೇಳಿ ಮುಂದೆ ಹೋಗುತ್ತದೆ. ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ಮನುಷ್ಯನನ್ನು ಅವನ ಒಲವಿಗಾಗಿ ನೇಣಿಗೇರಿಸಬಲ್ಲ ಕಾನೂನು ಇಲ್ಲಿ ಅನ್ಯಾಯವಾಗಿ ಅಲ್ಲ, ಹವಾಮಾನದ ಮುನ್ಸೂಚನೆಯಾಗಿ ಬರುತ್ತದೆ. ಕೊಡೆ ತೆಗೆದುಕೊಂಡು ಹೋಗಿ ಎಂದಷ್ಟೇ ಅದರ ಧಾಟಿ. ಆ ಕಾನೂನು ತಪ್ಪು ಎಂಬ ಒಂದು ಸಾಲು ಅದೇ ಜಾಗದಲ್ಲಿ ಇರಬೇಕಿತ್ತು.

ಹಾಗೆ ಹೇಳಲು ಕಥೋಲಿಕ ಚಿಂತನೆಯಲ್ಲಿ ಆಧಾರವಿಲ್ಲವೆಂದಲ್ಲ. ಎಲ್ಲ ಪಾಪಗಳನ್ನೂ ರಾಜ್ಯದ ಕಾನೂನು ನಿಷೇಧಿಸಬೇಕಾಗಿಲ್ಲ ಎಂದು 13ನೆಯ ಶತಮಾನದಲ್ಲೇ ತೋಮಸ್ ಅಕ್ವಿನಾಸ್ ವಾದಿಸಿದ್ದ. 1956ರಲ್ಲಿ ಇಂಗ್ಲೆಂಡಿನಲ್ಲಿ ವುಲ್ಫೆಂಡನ್ ಸಮಿತಿ ಈ ವಿಷಯವನ್ನು ಪರಿಶೀಲಿಸುತ್ತಿದ್ದಾಗ, ವೆಸ್ಟ್‌ಮಿನ್‌ಸ್ಟರಿನ ಕಾರ್ಡಿನಲ್ ಬರ್ನಾರ್ಡ್ ಗ್ರಿಫಿನ್ ನೇಮಿಸಿದ್ದ ಕಥೋಲಿಕ ಸಲಹಾ ಸಮಿತಿ, ಇದು ಪಾಪವೆಂಬ ನಂಬಿಕೆಯನ್ನು ಕಿಂಚಿತ್ತೂ ಸಡಿಲಿಸದೆ, ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸಿದ್ದು ಪೊಲೀಸರ ಕೆಲಸವಲ್ಲ ಎಂದು ಶಿಫಾರಸು ಮಾಡಿತು. 1957ರಲ್ಲಿ ವುಲ್ಫೆಂಡನ್ ವರದಿ ಹೇಳಿದ್ದೂ ಅದನ್ನೇ. 1967ರಲ್ಲಿ ಕಾನೂನು ಬದಲಾಗುವಾಗ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಮೈಕೇಲ್ ರ‍್ಯಾಮ್ಸೆ ಅದರ ಬೆಂಬಲಕ್ಕೆ ನಿಂತಿದ್ದರು.  ಪಾಪಕ್ಕೂ ಅಪರಾಧಕ್ಕೂ ನಡುವೆ ಗೆರೆಯಿದೆ ಎಂಬುದಷ್ಟೇ ಇವರೆಲ್ಲರ ಪಟ್ಟು.

ಆ ಗೆರೆಯನ್ನು ರೋಮ್ ಮತ್ತೆ ಮತ್ತೆ ಅಳಿಸಿದೆ. 1986ರಲ್ಲಿ ಇದೇ ಇಲಾಖೆ, ಆಗ ಕಾರ್ಡಿನಲ್ ರಾಟ್ಸಿಂಗರ್ ಅವರ ಮುಂದಾಳತ್ವದಲ್ಲಿ, ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಸಲಿಂಗಕಾಮಿಗಳ ಮೇಲಿನ ಹಿಂಸೆಯನ್ನು ಖಂಡಿಸಿತು. ಅದೇ ಕಂಡಿಕೆಯಲ್ಲೇ, ಅವರ ನಡತೆಗೆ ಕಾನೂನಿನ ರಕ್ಷಣೆ ಕೊಟ್ಟರೆ ಹಿಂಸೆ ಹೆಚ್ಚಿದಾಗ ಅಚ್ಚರಿಪಡಬೇಡಿ ಎಂದೂ ಸೇರಿಸಿತು. 2008ರಲ್ಲಿ ವಿಶ್ವಸಂಸ್ಥೆಯಲ್ಲಿ ಅಪರಾಧಮುಕ್ತಗೊಳಿಸುವ ಹೇಳಿಕೆ ಬಂದಾಗ ವ್ಯಾಟಿಕನ್ ಅದನ್ನು ಬೆಂಬಲಿಸಲಿಲ್ಲ. 1992ರ ಧರ್ಮೋಪದೇಶ ಗ್ರಂಥದಲ್ಲಿ ಇವರು ತಮ್ಮ ಸ್ಥಿತಿಯನ್ನು ತಾವೇ ಆರಿಸಿಕೊಂಡವರಲ್ಲ ಎಂಬ ಮಾತಿತ್ತು. 1997ರ ಪರಿಷ್ಕರಣೆಯಲ್ಲಿ ಅದು ಹೋಯಿತು, ಆ ಜಾಗಕ್ಕೆ ಈ ಒಲವೇ ಕೆಟ್ಟು ಹೋದದ್ದೆಂಬ ಮಾತು ಬಂತು. ಆಶೀರ್ವಾದದ ಘೋಷಣೆ ಆ ಸಾಲಿನ ಗೋಜಿಗೇ ಹೋಗುವುದಿಲ್ಲ.

ಭಾರತದ ಮಟ್ಟಿಗೆ ಕಥೆ ಇನ್ನಷ್ಟು ಗೋಜಲು. 2009ರಲ್ಲಿ ದೆಹಲಿ ಹೈಕೋರ್ಟು ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದಾಗ ಅದರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್ ಇತ್ತು, ಅಪೋಸ್ಟೋಲಿಕ್ ಚರ್ಚುಗಳ ಒಕ್ಕೂಟವಿತ್ತು, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯಿತ್ತು, ಮೊದಲ ಅರ್ಜಿದಾರರಾಗಿ ದೆಹಲಿಯ ಜ್ಯೋತಿಷಿಯೊಬ್ಬರಿದ್ದರು. ಬೇರೆ ಯಾವ ವಿಷಯಕ್ಕೂ ಒಂದೇ ಬೆಂಚಿನಲ್ಲಿ ಕೂರದ ಮಂದಿ. 2013ರ ಡಿಸೆಂಬರ್ 11ರಂದು ಅವರು ಗೆದ್ದರು. ಆಗ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷರಾಗಿದ್ದ ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್, ಸಲಿಂಗ ಮದುವೆಯನ್ನು ನಾವು ಒಪ್ಪುವುದಿಲ್ಲ, ಆದರೆ ಇವರನ್ನು ಅಪರಾಧಿಗಳೆಂದೂ ನಾವು ಎಣಿಸುವುದಿಲ್ಲ ಎಂದರು. ಎರಡು ವಾಕ್ಯಗಳಲ್ಲಿ ಅವರು ಹೇಳಿದ್ದನ್ನು ಪೋಪರ ಬಾಯಿಂದಲೇ ಕೇಳಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. ಸಲಿಂಗಿಯಾಗಿರುವುದು ಅಪರಾಧವಲ್ಲ, ಪಾಪವನ್ನೂ ಅಪರಾಧವನ್ನೂ ಬೇರೆ ಮಾಡೋಣ ಎಂದು ಪೋಪ್ ಫ್ರಾನ್ಸಿಸ್ ಸಂದರ್ಶನದಲ್ಲಿ ಹೇಳಿದ್ದು 2023ರ ಜನವರಿಯಲ್ಲಿ. ಅಷ್ಟರಲ್ಲಿ ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತನ್ನ ತೀರ್ಪನ್ನು ತಾನೇ ತಿದ್ದಿಕೊಂಡಿತ್ತು.

ಇನ್ನೊಂದು ಸೂಕ್ಷ್ಮ. ಸರ್ಕಾರಿ ನೋಂದಣಿಯ ದಿನ ಆಶೀರ್ವಾದ ಬೇಡ ಎಂಬ 39ನೆಯ ಕಂಡಿಕೆಯ ನಿಯಮ ಯುರೋಪನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು. ಘೋಷಣೆಗೆ ಎರಡು ತಿಂಗಳು ಮೊದಲು, ಅಕ್ಟೋಬರ್ 17ರಂದು, ಸಲಿಂಗ ಮದುವೆಗೆ ಮಾನ್ಯತೆ ಕೊಡಲು ನಮ್ಮ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಕೂಡಿ ಬಾಳುವ ಇಬ್ಬರು ಹೆಂಗಸರಿಗೆ ಮರೆಮಾಚಬೇಕಾದ ನೋಂದಣಿಯೇ ಇಲ್ಲ. ಕಾನೂನಿನ ಕಣ್ಣಿಗೆ ಅವರು ದಂಪತಿಯಲ್ಲ. ಅಂಥವರನ್ನು ಜೋಡಿಯೆಂದು ಕರೆದದ್ದು ರೋಮಿನ ಕಾಗದ. ವಿಪರ್ಯಾಸವೆಂದರೆ ಆ ಕಾಗದ ಬರೆದವರಿಗೆ ಇದು ಹೊಳೆದಂತೆಯೇ ಕಾಣುವುದಿಲ್ಲ.

2024ರ ಏಪ್ರಿಲ್ 8ರಂದು ಫೆರ್ನಾಂಡಿಸ್ ಅವರದೇ ಇಲಾಖೆ ‘ದಿಗ್ನಿತಾಸ್ ಇನ್ಫಿನಿತಾ’ ಎಂಬ ಮತ್ತೊಂದು ಘೋಷಣೆ ತಂದಿತು. ಅದರ 55ನೆಯ ಕಂಡಿಕೆ, ಲೈಂಗಿಕ ಒಲವಿನ ಕಾರಣಕ್ಕೆ ಜನರನ್ನು ಜೈಲಿಗೆ ಹಾಕುವುದು, ಹಿಂಸಿಸುವುದು, ಕೊಲ್ಲುವುದು ಮಾನವ ಘನತೆಗೆ ವಿರುದ್ಧ ಎಂದು ಕಡೆಗೂ ಖಂಡಿಸುತ್ತದೆ. ದೇಶದ ಹೆಸರಿಲ್ಲ, ಕಾನೂನಿನ ಹೆಸರಿಲ್ಲ. ಅದಕ್ಕೆ ಸುಮಾರು ಆರು ವಾರ ಮೊದಲಷ್ಟೇ, ಫೆಬ್ರವರಿ 28ರಂದು, ಸಲಿಂಗಿಯೆಂದು ಗುರುತಿಸಿಕೊಂಡರೂ ಜೈಲಿಗೆ ಕಳಿಸುವ ಮಸೂದೆಯನ್ನು ಘಾನಾದ ಸಂಸತ್ತು ಪಾಸು ಮಾಡಿತ್ತು. ಮಸೂದೆಯ ಬೆಂಬಲಿಗರಲ್ಲಿ ಆ ದೇಶದ ಕಥೋಲಿಕ ಧರ್ಮಾಧ್ಯಕ್ಷರೂ ಇದ್ದರು. ಅವರಿಗೆಂದು ಆ ಘೋಷಣೆಯಲ್ಲಿ ಒಂದು ಸಾಲೂ ಇಲ್ಲ.